ಓಡುವ ಎದೆಬಡಿತಕ್ಕೆ ಕಡಿವಾಣ ಹಾಕಿದ ಬೇರು

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೊರಟರೆ ಮಲಪ್ರಭೆ ಹುಟ್ಟುವ ಮಳೆಕಾಡು. ಸರ್ಪಗಂಧ ಇಂಥ ಸಹ್ಯಾದ್ರಿಯ ಗಿಡ. ಮೊಣಕಾಲೆತ್ತರ, ಗೆಣ್ಣಿಗೆ ಮೂರರಂತೆ ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಕಪ್ಪು ಹಣ್ಣು. ಅಂಕುಡೊಂಕು ಬೇರು ಕಡು ಕಹಿ. ರಕ್ತದೊತ್ತಡದ ಮದ್ದೆಂದು ಅದನ್ನು ಬಲ್ಲವರು ಬಹಳ. ದಿಕ್ಕೆಟ್ಟು ಓಡುವ ಎದೆಬಡಿತವನ್ನು ಹಿಡಿದು ನಿಲ್ಲಿಸುವ ಮದ್ದೂ ಅದೇ ಬೇರಿನಲ್ಲಿದೆ ಎಂಬುದನ್ನು ಮಾತ್ರ ಮರೆತೇಬಿಟ್ಟಿದ್ದೇವೆ.

ಆ ಮದ್ದು ಅಜ್ಮಲಿನ್. ದೆಹಲಿಯ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನ್ 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದವರು. ಹಳೆಯ ಮದ್ದುಗಳನ್ನು ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚಲೇಬೇಕೆಂಬುದು ಅವರ ಹಟ. ಅದಕ್ಕೆಂದೇ ಫ್ರಾಂಕ್‌ಫರ್ಟಿನಲ್ಲಿ ರಸಾಯನಶಾಸ್ತ್ರ ಓದಿದ್ದ ಸಲೀಮುಝಮಾನ್ ಸಿದ್ದಿಕಿಯನ್ನು ತಮ್ಮ ತಿಬ್ಬಿಯಾ ಕಾಲೇಜಿಗೆ ಕರೆಸಿಕೊಂಡರು. ಫಲ ಕಾಣುವ ಮೊದಲೇ, 1927ರ ಡಿಸೆಂಬರಿನಲ್ಲಿ, ಹಕೀಮರು ತೀರಿಕೊಂಡರು. ಸಿದ್ದಿಕಿ ಕೆಲಸ ಬಿಡಲಿಲ್ಲ. 1931ರಲ್ಲಿ ಸರ್ಪಗಂಧದ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿ, ಅವುಗಳಲ್ಲೊಂದಾದ ಅಜ್ಮಲಿನ್‌ಗೆ ಹಕೀಮರ ಹೆಸರನ್ನೇ ಇಟ್ಟರು. ಇದಕ್ಕಿಂತ ದೊಡ್ಡ ಋಣಸಂದಾಯ ನನಗೆ ಕಾಣದು.

ಆಮೇಲೆ ಜಗತ್ತು ಓಡಿದ್ದು ಬೇರೆ ಕಡೆ. ಮುಂಬೈಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಈ ಬೇರು ರಕ್ತದೊತ್ತಡ ಇಳಿಸುವುದನ್ನು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಅದೇ ಬೇರಿನಿಂದ ರೆಸರ್ಪಿನ್ ತೆಗೆಯಿತು. ಹೆಸರೆಲ್ಲ ಅದರ ಪಾಲಾಯಿತು.

ಅಜ್ಮಲಿನ್ ಯುರೋಪಿನ ಆಸ್ಪತ್ರೆಗಳಲ್ಲಿ ಇಂಜೆಕ್ಷನ್ ಆಗಿ ಉಳಿಯಿತು. ಹೃದಯದ ಕೋಶಗಳೊಳಗೆ ಸೋಡಿಯಂ ನುಗ್ಗುವುದನ್ನು ತಡೆದು ವಿದ್ಯುತ್ ಸಂಚಾರವನ್ನು ನಿಧಾನಿಸುವುದು ಅದರ ಕೆಲಸ. ಹುಟ್ಟಿನಿಂದಲೇ ಹೃದಯದಲ್ಲಿ ವಿದ್ಯುತ್ತಿಗೊಂದು ಅಡ್ಡದಾರಿ ಇದ್ದು ಬಡಿತ ಏರುವವರಿಗೆ ಅದು ಒದಗಿತು. ಈಗ ಬಡಿತ ಇಳಿಸಲು ಅಡೆನೊಸಿನ್, ಬೀಟಾ ಬ್ಲಾಕರ್ ಇವೆ. ಅಡ್ಡದಾರಿಯನ್ನೇ ಸುಟ್ಟುಬಿಡುವ ಕ್ಯಾಥೆಟರ್ ಚಿಕಿತ್ಸೆಯಿದೆ. ಅಜ್ಮಲಿನ್ ಇಂದು ಹೆಚ್ಚಾಗಿ ಬೇಕಾಗುವುದು, 1992ರಲ್ಲಿ ಬ್ರುಗಾಡಾ ಸಹೋದರರು ಗುರುತಿಸಿದ ಮಾರಕ ಹೃದಯದೋಷವನ್ನು ಇಸಿಜಿಯಲ್ಲಿ ಬಯಲಿಗೆಳೆಯಲು.

ಹಾಗೆಂದು ಎದೆ ಡವಡವಗುಟ್ಟಿತೆಂದು ಯಾರೂ ಬೇರು ತೇಯ್ದು ಕುಡಿಯಬಾರದು. ಅದರಲ್ಲಿರುವ ರೆಸರ್ಪಿನ್ ಮನಸ್ಸನ್ನು ಖಿನ್ನತೆಗೂ ದೂಡಬಲ್ಲದು. ಮೊದಲು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.

ನನ್ನ ಸಂಕಟವಿರುವುದು ಗಿಡದ ಬಗ್ಗೆ. ಮದ್ದು ಬೇರಿನಲ್ಲೇ ಇರುವುದರಿಂದ ಕಿತ್ತರೆ ಗಿಡವೇ ಹೋಯಿತು. ಕಿತ್ತವರು ಮರಳಿ ನೆಡಲಿಲ್ಲ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿದ್ದಿದ್ದರೂ ಕಾಡಿನಲ್ಲಿ ಅದು ಅಪರೂಪವಾಗಿದೆ. ಬೀಜ ಸರಿಯಾಗಿ ಮೊಳೆಯದಿದ್ದರೂ ಬೇರಿನ ತುಂಡಿನಿಂದ ಸಸಿ ಎಬ್ಬಿಸಬಹುದು. ಎರಡು ವರ್ಷದ ಹೊತ್ತಿಗೆ ಫಸಲು. ಖಾನಾಪುರದ ರೈತರಿಗೆ ಆ ಸಸಿ ಕೊಡುವ ಕೆಲಸ ಬೆಳಗಾವಿಯಿಂದಲೇ ಶುರುವಾಗಲಿ. ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಶೋಧನಾ ಸಂಸ್ಥೆ ಇರುವುದೂ ಅಲ್ಲೇ.