ಮತ್ತೆ ಮತ್ತೆ ಹುಟ್ಟುವ ವೀರ, ಸಾಯದ ದ್ವೇಷ

ಜಯ ವಿಜಯರ ಕಥೆ ನಮ್ಮಲ್ಲಿ ಯಾರಿಗೂ ಹೊಸದಲ್ಲ. ವೈಕುಂಠದ ಬಾಗಿಲು ಕಾಯುತ್ತಿದ್ದ ಅವರು ಸನಕಾದಿ ಮುನಿಗಳ ಶಾಪಕ್ಕೆ ಗುರಿಯಾಗಿ ಹಿರಣ್ಯಾಕ್ಷ-ಹಿರಣ್ಯಕಶಿಪು, ರಾವಣ-ಕುಂಭಕರ್ಣ, ಶಿಶುಪಾಲ-ದಂತವಕ್ತ್ರರಾಗಿ ಮೂರು ಜನ್ಮ ತಾಳಿದರು. ಮೂರೂ ಸಲ ವಿಷ್ಣುವಿನ ಕೈಯಲ್ಲೇ ಹತರಾದರು. ಅಲ್ಲಿಗೆ ಶಾಪ ತೀರಿತು. ಆದರೆ ತೀರುವ ಗಡುವೇ ಇಲ್ಲದ ಶಾಪವೊಂದಿದ್ದರೆ? ಜಪಾನಿನ ಒಂದು ವಿಡಿಯೊ ಗೇಮ್ ಸರಣಿ ದಶಕಗಳಿಂದ ಇಂಥ ಕಥೆಯನ್ನು ಹೇಳುತ್ತ ಬಂದಿದೆ.

ನಿಂಟೆಂಡೊ ಕಂಪನಿಯ ‘ದಿ ಲೆಜೆಂಡ್ ಆಫ್ ಝೆಲ್ಡಾ’ 1986ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದರ ರೂವಾರಿಗಳು. ಹೈರೂಲ್ ಎಂಬ ರಾಜ್ಯ, ಝೆಲ್ಡಾ ಎಂಬ ರಾಜಕುಮಾರಿ, ಅವಳನ್ನು ಸೆರೆಹಿಡಿದ ಗ್ಯಾನನ್ ಎಂಬ ದುಷ್ಟ, ಅವನೊಡನೆ ಕಾದಾಡುವ ಲಿಂಕ್ ಎಂಬ ಹುಡುಗ. ಮೊದಲ ಆಟದ ಕಥೆ ಇಷ್ಟೇ. ಅದರಲ್ಲಿ ಪುನರ್ಜನ್ಮದ ಸುಳಿವೂ ಇರಲಿಲ್ಲ.

ಹೆಸರಿನ ಹಿಂದಿನ ಗುಟ್ಟು

ಮರುವರ್ಷ ಬಂದ ಎರಡನೆಯ ಆಟದಲ್ಲಿ ಇನ್ನೊಬ್ಬ ಝೆಲ್ಡಾ ಕಾಣಿಸಿಕೊಂಡಳು. ಇವಳು ಹಿಂದಿನ ಕಾಲದ ರಾಜಕುಮಾರಿ, ಮಾಂತ್ರಿಕನ ಮಾಟದಿಂದ ನಿದ್ರೆಗೆ ಜಾರಿದವಳು. ಅವಳ ನೆನಪಿಗಾಗಿ ರಾಜವಂಶದ ಹೆಣ್ಣುಮಕ್ಕಳಿಗೆಲ್ಲ ಅದೇ ಹೆಸರಿಡಬೇಕೆಂದು ಅಣ್ಣ ಅಪ್ಪಣೆ ಮಾಡಿದನಂತೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಆ ಆಟದಲ್ಲಿ ಗ್ಯಾನನ್ ಆಗಲೇ ಸತ್ತಿದ್ದಾನೆ. ಅವನ ಬೂದಿಯ ಮೇಲೆ ಲಿಂಕ್‌ನ ರಕ್ತ ಚೆಲ್ಲಿ ಒಡೆಯನನ್ನು ಎಬ್ಬಿಸುವುದು ಅನುಚರರ ಹಂಚಿಕೆ. ಆಟಗಾರ ಸೋತರೆ ಗ್ಯಾನನ್ ಮರಳಿ ಬರುತ್ತಾನೆ.

ಮುಂದಿನ ಆಟಗಳು ಹೆಚ್ಚಾಗಿ ಬೇರೆ ಬೇರೆ ಕಾಲದಲ್ಲಿ ನಡೆಯುತ್ತವೆ. ಹುಡುಗ ಅದೇ ಹೆಸರಿನವನು, ಆದರೆ ಬೇರೆಯವನು. ಹಳೆಯ ಕಥೆ ಗೊತ್ತಿಲ್ಲದ ಹೊಸ ಆಟಗಾರನೂ ಮೊದಲಿನಿಂದ ಶುರುಮಾಡಬಹುದು ಎಂಬ ಅನುಕೂಲ ಇದರಲ್ಲಿದೆ. ‘ಲಿಂಕ್’ ಎಂದರೆ ಕೊಂಡಿ. ಆಟಗಾರನಿಗೂ ಆ ಲೋಕಕ್ಕೂ ನಡುವಿನ ಕೊಂಡಿ ಅವನೇ.

ಶಾಪದ ಮೂಲ

ಹಾಗಾದರೆ ಈ ಮೂವರೇ ಮತ್ತೆ ಮತ್ತೆ ಎದುರಾಗುವುದೇಕೆ? ಅಧಿಕೃತ ಉತ್ತರ ದೊರೆತದ್ದು ಸರಣಿಗೆ 25 ವರ್ಷ ತುಂಬಿದ 2011ರಲ್ಲಿ, ‘ಸ್ಕೈವರ್ಡ್ ಸ್ವೋರ್ಡ್’ ಎಂಬ ಆಟದಿಂದ. ಕಾಲಕ್ರಮದಲ್ಲಿ ಎಲ್ಲಕ್ಕೂ ಮೊದಲಿನ ಕಥೆ ಇದು. ಹೈಲಿಯಾ ಎಂಬ ದೇವತೆ ಮನುಷ್ಯಳಾಗಿ ಹುಟ್ಟಿ ಝೆಲ್ಡಾ ಆಗುತ್ತಾಳೆ. ಸೋತ ದೈತ್ಯ ಡಿಮೈಸ್ ಸಾಯುವ ಮುನ್ನ ಶಪಿಸುತ್ತಾನೆ: ದೇವತೆಯ ರಕ್ತ ಹರಿಯುವವರನ್ನೂ ವೀರನ ಚೇತನ ಹೊತ್ತವರನ್ನೂ ತನ್ನ ದ್ವೇಷ ರೂಪ ತಳೆದು ಯುಗಯುಗಕ್ಕೂ ಬೆನ್ನಟ್ಟಲಿದೆ.

ಇಲ್ಲಿ ಮೂವರೂ ಮರಳುವ ಬಗೆ ಒಂದೇ ಅಲ್ಲ. ಝೆಲ್ಡಾ ಬರುವುದು ವಂಶವಾಗಿ, ತಾಯಿಯಿಂದ ಮಗಳಿಗೆ ಇಳಿಯುವ ರಕ್ತವಾಗಿ. ಲಿಂಕ್‌ಗೆ ಇಂಥದ್ದೇ ಕುಲ ಬೇಕೆಂದಿಲ್ಲ. ಅನಾಥನಲ್ಲೂ ಹಳ್ಳಿಯ ಹುಡುಗನಲ್ಲೂ ವೀರನ ಚೇತನ ಮೂಡಬಹುದು. ಗ್ಯಾನನ್ ಬಹುಪಾಲು ಮರುಹುಟ್ಟು ಪಡೆಯುವುದೇ ಇಲ್ಲ. ಸೆರೆಯಿಂದ ಬಿಡಿಸಿಕೊಂಡೋ ಸಾವಿನಿಂದ ಎದ್ದೋ ಬರುವ ಅದೇ ಹಳೆಯ ಮನುಷ್ಯ ಅವನು. ಒಳಿತು ಪ್ರತಿ ತಲೆಮಾರಿಗೂ ಹೊಸದಾಗಿ ಕಲಿಯಬೇಕಾದದ್ದು, ಕೆಡುಕಿಗೆ ಮಾತ್ರ ಹಳೆಯ ನೆನಪೆಲ್ಲ ಉಳಿದಿರುತ್ತದೆ.

ವೀರ ಬಾರದಿದ್ದಾಗ

2011ರ ಕೊನೆಯಲ್ಲಿ ಜಪಾನಿನಲ್ಲಿ ಪ್ರಕಟವಾದ ‘ಹೈರೂಲ್ ಹಿಸ್ಟೋರಿಯಾ’ ಗ್ರಂಥದ ಪ್ರಕಾರ 1998ರ ‘ಆಕರಿನಾ ಆಫ್ ಟೈಮ್’ ಆಟದ ಬಳಿಕ ಕಾಲ ಮೂರು ಕವಲಾಗಿ ಒಡೆಯುತ್ತದೆ. ವೀರ ಸೋತರೆ ಒಂದು, ಗೆದ್ದು ಬಾಲ್ಯಕ್ಕೆ ಮರಳಿದಾಗ ಒಂದು, ಅವನು ಬಿಟ್ಟುಹೋದ ಕಾಲದಲ್ಲಿ ಇನ್ನೊಂದು.

ಈ ಕೊನೆಯ ಕವಲಿನ ಕಥೆಯೇ 2002ರ ‘ವಿಂಡ್ ವೇಕರ್’. ಗ್ಯಾನನ್ ಮರಳಿ ಬಂದಾಗ ಜನ ವೀರನಿಗಾಗಿ ಕಾದರು. ಅವನು ಬರಲಿಲ್ಲ. ದೇವತೆಗಳು ರಾಜ್ಯವನ್ನೇ ಕಡಲಲ್ಲಿ ಮುಳುಗಿಸಿದರು. ಶತಮಾನಗಳ ನಂತರ ವೃದ್ಧನಾದ ಗ್ಯಾನನ್ ಬಾಯಿಬಿಡುತ್ತಾನೆ: ತನ್ನ ಮರುಭೂಮಿಗೆ ಗಾಳಿ ಸಾವನ್ನೇ ಹೊತ್ತು ತರುತ್ತಿತ್ತು, ಹೈರೂಲ್‌ನ ಗಾಳಿ ಬೇರೆಯಾಗಿತ್ತು, ತಾನು ಬಯಸಿದ್ದು ಆ ಗಾಳಿಯನ್ನು. ಖಳನಿಗೂ ಒಂದು ನೋವಿತ್ತೆಂದು ಆಟ ಒಪ್ಪಿಕೊಳ್ಳುವುದು ಇಲ್ಲಿ. ಬೇಡಿದ್ದನ್ನು ಕೊಡುವ ಟ್ರೈಫೋರ್ಸ್ ಎಂಬ ದಿವ್ಯ ತ್ರಿಕೋನವನ್ನು ಅವನಿಗಿಂತ ಮೊದಲು ಮುಟ್ಟುವವನು ಹೈರೂಲ್‌ನ ಮುದಿ ರಾಜ. ಅವನು ಕಳೆದುಹೋದ ರಾಜ್ಯವನ್ನು ಮರಳಿ ಕೇಳುವುದಿಲ್ಲ. ಈ ನೆಲ ತೊಳೆದುಹೋಗಲಿ, ಮಕ್ಕಳಿಗೆ ಭವಿಷ್ಯ ಸಿಗಲಿ ಎಂದು ಬೇಡಿ ತಾನೂ ಮುಳುಗುತ್ತಾನೆ. ಹಿರಿಯರ ಹಗೆಯನ್ನು ಕಿರಿಯರು ಹೊರಬಾರದು ಎಂಬುದು ಅವನ ತೀರ್ಮಾನ.

ಅದರಿಂದ ಚಕ್ರ ನಿಂತಿತೇ? ಮಕ್ಕಳು ಹೊಸ ನೆಲ ಕಂಡುಕೊಂಡರು. ಆದರೆ ಸುಮಾರು ನೂರು ವರ್ಷಗಳ ಬಳಿಕ ಅಲ್ಲಿ ನಡೆಯುವ 2009ರ ‘ಸ್ಪಿರಿಟ್ ಟ್ರ್ಯಾಕ್ಸ್’ನಲ್ಲಿ ಮತ್ತೊಬ್ಬ ಲಿಂಕ್, ಮತ್ತೊಬ್ಬ ಝೆಲ್ಡಾ ಹುಟ್ಟಿದ್ದಾರೆ. ಗ್ಯಾನನ್ ಇಲ್ಲ, ಅವನ ಜಾಗಕ್ಕೆ ಬೇರೊಬ್ಬ ದುಷ್ಟ ಬಂದಿದ್ದಾನೆ. 2017ರ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಂತೂ ಹತ್ತು ಸಾವಿರ ವರ್ಷ ಹಿಂದೆ ಅಡಗಿಸಿದ್ದ ಕೇಡು ಮತ್ತೆ ಎದ್ದು ರಾಜ್ಯವನ್ನು ಹಾಳುಗೆಡವುತ್ತದೆ.

ಆಟ ಮಾರುವ ಕಂಪನಿಗೆ ಕಥೆ ಮುಗಿಯದಿರುವುದೇ ಲಾಭ ಎನ್ನಬಹುದು, ನಿಜ. ಆದರೂ ಚಕ್ರ ಇದ್ದಲ್ಲೇ ಸುತ್ತುತ್ತಿಲ್ಲ. ಮೊದಲ ಆಟದಲ್ಲಿ ಬಿಡುಗಡೆಗಾಗಿ ಕಾದಿದ್ದ ಝೆಲ್ಡಾ 2024ರ ‘ಎಕೋಸ್ ಆಫ್ ವಿಸ್ಡಮ್’ನಲ್ಲಿ ತಾನೇ ನಾಯಕಿಯಾಗಿ, ಕಾಣೆಯಾದ ಲಿಂಕ್‌ನನ್ನು ಹುಡುಕುತ್ತ ಹೊರಡುತ್ತಾಳೆ. ಜಯ ವಿಜಯರಿಗೆ ಮೂರು ಜನ್ಮದಲ್ಲಿ ಬಿಡುಗಡೆ ಸಿಕ್ಕಿತು. ಹೈರೂಲ್‌ನವರಿಗೆ ಆ ಭಾಗ್ಯವಿಲ್ಲ. ಹೋರಾಟದಿಂದ ತಪ್ಪಿಸಿಕೊಳ್ಳಲಾಗದು, ಯಾರು ಯಾರಿಗಾಗಿ ಹೋರಾಡಬೇಕೆಂಬುದನ್ನು ಮಾತ್ರ ಬದಲಿಸಿಕೊಳ್ಳಬಹುದು.