ನಾಲ್ಕೂ ಗಾಲಿ ಎಳೆಯುವ ಗಾಡಿ

ಎರೆಯ ನಾಡಿನಲ್ಲಿ ಹುಟ್ಟಿದವನಿಗೆ ಮಣ್ಣಿನ ಮೇಲೆ ಎಷ್ಟು ಮೋಹವೋ ಅಷ್ಟೇ ಅಂಜಿಕೆ. ನಮ್ಮ ಅಸೂಟಿ ರೋಣ ತಾಲ್ಲೂಕಿನ ಒಂದು ಹಳ್ಳಿ. ಬೇಸಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟು ಬಾಯ್ದೆರೆದು ಮಲಗುವ ಇಲ್ಲಿನ ಕರಿನೆಲ, ಒಂದು ದೊಡ್ಡ ಮಳೆ ಬಿದ್ದರೆ ಸಾಕು, ನೀರು ಕುಡಿದು ಉಬ್ಬಿ ಅಂಟಿನ ಮುದ್ದೆಯಾಗುತ್ತದೆ. ಕಡಲೆಗೂ ಬಿಳಿಜೋಳಕ್ಕೂ ಅದು ತಾಯಿ. ಗಾಲಿಗೆ ಮಾತ್ರ ಮಲತಾಯಿ.

ಇಂಥ ಊರಿನಿಂದ ಗದಗಿನ ಕಡೆಯ ಕಾಲೇಜೊಂದಕ್ಕೆ ನಿತ್ಯವೂ ಹೋಗಿ ಬರುವ ಕನ್ನಡದ ಉಪನ್ಯಾಸಕ ನಾನು. ಪಟ್ಟಣದಲ್ಲಿ ಮನೆ ಮಾಡಬಾರದೆ ಎಂದು ವಾಚಕರು ಕೇಳಬಹುದು. ಅವ್ವನಿಗೆ ಉಬ್ಬಸ, ಹೊಲಮನೆ ಬಿಟ್ಟು ಬರಲು ಆಕೆ ಒಲ್ಲಳು, ಆಕೆಯನ್ನು ಬಿಟ್ಟು ಹೋಗಲು ನಾನು ಒಲ್ಲೆ. ಎರಡು ಹಾದಿಯೂ ಸೇರಿ ದಿನಕ್ಕೆ ಸುಮಾರು ನೂರು ಕಿಲೋಮೀಟರು. ವರ್ಷಕ್ಕೆ ಇನ್ನೂರೈವತ್ತು ದಿನವೆಂದರೆ 25,000 ಕಿ.ಮೀ. ಈ ಲೆಕ್ಕವನ್ನು ಮುಂದಿಟ್ಟುಕೊಂಡೇ 2016ರಲ್ಲಿ, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹರಿಯುವಂಥ ಹಳೆಯ ಗಾಡಿಯೊಂದನ್ನು ಸಾಲ ಮಾಡಿ ಕೊಂಡೆ. ಮಳೆಗಾಲ ಗೆದ್ದಂತೆಯೇ ಎಂಬ ಹಿಗ್ಗಿನಲ್ಲಿ, ಇಂಥ ಗಾಡಿ ದೂರದ ನಿತ್ಯಪ್ರಯಾಣಕ್ಕೆ ಎಷ್ಟು ಕಾಲ ಬಾಳೀತು ಎಂದು ಕೇಳುವುದನ್ನೇ ಮರೆತೆ.

ನಾಲ್ಕು ಗಾಲಿಯ ಎಳೆತ ಹೊಸದೇನಲ್ಲ. ಹಾಲೆಂಡಿನ ಸ್ಪೈಕರ್ ಸೋದರರು 1903ರಷ್ಟು ಹಿಂದೆಯೇ ಅಂಥದೊಂದು ಮೋಟಾರನ್ನು ಮಾಡಿದ್ದರು. ಅದನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಎರಡನೆಯ ಮಹಾಯುದ್ಧದ ಜೀಪು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮಹೀಂದ್ರ ಕಂಪನಿ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮಲೆನಾಡಿನ ಕಾಫಿತೋಟಗಳಿಗೂ ನಮ್ಮ ಬಯಲುಸೀಮೆಯ ಸರಕಾರಿ ಕಚೇರಿಗಳಿಗೂ ಅದು ಬಂದು ಸೇರಿದ ಬಗೆ ಹಿರಿಯರಿಗೆ ನೆನಪಿರಬಹುದು. ಆದರೆ ಆ ಜೀಪು ದಿನಕ್ಕೆ ನೂರು ಕಿಲೋಮೀಟರು ಡಾಂಬರಿನ ಮೇಲೆ ಓಡಲೆಂದು ಹುಟ್ಟಿದ್ದಲ್ಲ. ನನ್ನ ಕಷ್ಟದ ಬೇರು ಇರುವುದು ಇಲ್ಲಿಯೇ.

ಕುಂಟೆ ಹೊಡೆಯುವಾಗ ಹೊಲದ ತುದಿಯಲ್ಲಿ ಹೊರಳುವ ಜೋಡೆತ್ತುಗಳನ್ನು ನೆನೆಯಿರಿ. ಒಳಗಿನ ಎತ್ತು ನಿಂತಲ್ಲೇ ತಿರುಗಿದರೆ ಹೊರಗಿನದು ನಾಲ್ಕು ಹೆಜ್ಜೆ ಹೆಚ್ಚು ಹಾಕುತ್ತದೆ. ಗಾಡಿಯದೂ ಹಾಗೆಯೇ: ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ನನ್ನ ಗಾಡಿಯಂಥವುಗಳಲ್ಲಿ ನಾಲ್ಕರ ಗೇರು ಹಾಕಿದೊಡನೆ ಟ್ರಾನ್ಸ್‌ಫರ್ ಕೇಸೆಂಬ ಪೆಟ್ಟಿಗೆಯು ಮುಂದಿನ ದಂಡವನ್ನೂ ಹಿಂದಿನ ದಂಡವನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಒಣಡಾಂಬರಿನಲ್ಲಿ ಜಾರಲು ಆಸ್ಪದವಿಲ್ಲ. ತಿರುಚು ದಂಡದೊಳಗೇ ಸೇರುತ್ತ ಹೋಗಿ ಟಯರು ಸವೆಯುತ್ತದೆ, ಹಲ್ಲುಗಾಲಿಗಳು ನರಳುತ್ತವೆ. ಇದನ್ನರಿಯದ ನಾನು, ನಾಲ್ಕು ಎರಡಕ್ಕಿಂತ ಮೇಲಲ್ಲವೆ ಎಂದು ಬಗೆದು, ಮೊದಲ ಚಳಿಗಾಲವಿಡೀ ನಾಲ್ಕರ ಗೇರಿನಲ್ಲಿಯೇ ಗದಗಿಗೆ ಓಡಾಡಿದೆ!

ಗಾಡಿಯ ಕೆಳಗಿನಿಂದ ಗೊರಗೊರ ಸದ್ದು ಬಂದಾಗ ರೋಣದ ಮಿಸ್ತ್ರಿಯೊಬ್ಬರ ಬಳಿ ಒಯ್ದೆ. ಅವರು ಟಯರಿನ ಮೇಲೆ ಕೈಯಾಡಿಸಿ ನಕ್ಕರು.

“ಸರ್‍ರ, ಹುಡುಗರಿಗೆ ವ್ಯಾಕರಣ ಕಲಸ್ತೀರಿ. ಈ ಗಾಡಿಗೂ ಒಂದು ವ್ಯಾಕರಣ ಐತ್ರಿ. ಡಾಂಬರದಾಗ ಎರಡು, ರಾಡಿಯಾಗ ನಾಕು. ಅಷ್ಟ ನೋಡ್ರಿ.”

ಆ ಪಾಠದ ಶುಲ್ಕ ನನ್ನ ಒಂದೂವರೆ ತಿಂಗಳ ಸಂಬಳ. ತಪ್ಪು ಯಂತ್ರದ್ದಲ್ಲ, ನನ್ನದು. ಆದುದರಿಂದ ಯಾರನ್ನೂ ದೂರುವಂತಿರಲಿಲ್ಲ.

ಎರಡನೆಯ ಪಾಠ ನೀರಿನದು. ಮಲಪ್ರಭೆ, ಬೆಣ್ಣಿಹಳ್ಳಗಳ ಸೀಮೆಯಲ್ಲಿ ಹಳ್ಳ ದಾಟದೆ ಗತಿಯಿಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ರೋಣ, ನರಗುಂದ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ದೂರ ಓಡಿ ಕಾದ ಅಚ್ಚು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಒಮ್ಮೆಗೇ ಕುಗ್ಗಿ, ಉಸಿರುಗೊಳವೆಯ ಮೂಲಕವೋ ಹಳತಾದ ಸೀಲಿನ ಮೂಲಕವೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತೆಂದರೆ ನೀರು ಸೇರಿತೆಂದೇ ತಿಳಿಯಬೇಕು. ಅದನ್ನು ಕೂಡಲೇ ಬದಲಿಸದಿದ್ದರೆ ಕ್ರೌನು-ಪಿನಿಯನ್ನುಗಳಿಗೆ ತುಕ್ಕು. ಎರಡು ಗಾಲಿ ಎಳೆಯುವ ಗಾಡಿಗೆ ಇಂಥ ಚಿಂತೆ ಕಡಿಮೆ. ನನ್ನದಕ್ಕೆ ಮುಂದೊಂದು, ಹಿಂದೊಂದು, ನಡುವೆ ಆ ಪೆಟ್ಟಿಗೆ. ಮೂರು ಕಡೆ ಎಣ್ಣೆ, ಮೂರು ಕಡೆ ಸೀಲು. ಹೆಚ್ಚು ಅಂಗಗಳಿದ್ದಲ್ಲಿ ಹೆಚ್ಚು ಆರೈಕೆ. ಬಾಳಿಕೆಯ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಈಗಿನ ಹೊಸ ಕಾರುಗಳ ಮಾತು ಬೇರೆ. ಜಪಾನಿನ ಸುಬಾರು 1972ರಲ್ಲಿ, ಜರ್ಮನಿಯ ಆಡಿ 1980ರಲ್ಲಿ ನಾಲ್ಕು ಗಾಲಿಯ ಎಳೆತವನ್ನು ಸಾಮಾನ್ಯ ರಸ್ತೆಯ ಕಾರಿಗೆ ತಂದ ಮೇಲೆ ಅದು ನಾಗರಿಕವಾಯಿತು. ಅನೇಕ ಹೊಸ ಕಾರುಗಳಲ್ಲಿ ಗೇರು ಹಾಕುವ ಗೋಜಿಲ್ಲ. ನಿತ್ಯ ಎರಡೇ ಗಾಲಿ ಎಳೆಯುತ್ತವೆ. ಅವು ಜಾರಿದರೆ ವಿದ್ಯುತ್ತಿನಿಂದ ನಡೆಯುವ ಒಂದು ಕ್ಲಚ್ಚು ಕ್ಷಣಾರ್ಧದಲ್ಲಿ ಉಳಿದೆರಡನ್ನೂ ಕೂಡಿಸಿಕೊಳ್ಳುತ್ತದೆ. ನಮ್ಮ ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ 2022ರಿಂದ ತಯಾರಾದ ಹೈರೈಡರ್, ಗ್ರ್ಯಾಂಡ್ ವಿಟಾರ ಕಾರುಗಳಲ್ಲಿಯೂ ಈ ಏರ್ಪಾಟಿನ ಮಾದರಿಗಳು ಬಂದವು. ಡಾಂಬರಿನ ಮೇಲೆ ಇದಕ್ಕೆ ನನ್ನ ಗಾಡಿಯ ರೋಗವಿಲ್ಲ.

ಆದರೆ ಇದಕ್ಕೆ ಬೇರೊಂದು ಸೂಕ್ಷ್ಮವಿದೆ. ನನ್ನ ಸಹೋದ್ಯೋಗಿಯೊಬ್ಬರು ಇಂಥ ಕಾರಿನಲ್ಲಿ ಅರವತ್ತು ಸಾವಿರ ಕಿಲೋಮೀಟರು ನೆಮ್ಮದಿಯಾಗಿ ಓಡಾಡಿದರು. ಒಂದು ಟಯರು ಕಲ್ಲಿಗೆ ಸೀಳಿತು. ಉಳಿತಾಯವೆಂದು ಅದೊಂದನ್ನೇ ಹೊಸದು ಹಾಕಿಸಿದರು. ಹೊಸ ಟಯರು ದಪ್ಪ, ಹಳೆಯವು ಸವೆದವು. ಸುತ್ತಳತೆ ಬೇರೆಯಾದ್ದರಿಂದ ಸುತ್ತುವ ಲೆಕ್ಕವೂ ಬೇರೆಯಾಯಿತು. ಯಾವುದೋ ಗಾಲಿ ಸದಾ ಜಾರುತ್ತಿದೆಯೆಂದು ಯಂತ್ರ ಭ್ರಮಿಸಿ ಕ್ಲಚ್ಚನ್ನು ಮತ್ತೆ ಮತ್ತೆ ಕೂಡಿಸಿತು, ಕ್ಲಚ್ಚು ಕಾಯಿತು, ಮುಂದೆ ಎಚ್ಚರಿಕೆಯ ದೀಪ ಹತ್ತಿತು. ಸುಬಾರುವಿನವರಂತೂ ನಾಲ್ಕು ಟಯರುಗಳ ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ ಹೆಚ್ಚು ಅಂತರ ಕೂಡದೆನ್ನುತ್ತಾರೆ. ಆದ್ದರಿಂದ ಟಯರುಗಳನ್ನು ಕಾಲಕಾಲಕ್ಕೆ ಹಿಂದುಮುಂದು ಮಾಡಬೇಕು, ಕೊಳ್ಳುವಾಗ ನಾಲ್ಕನ್ನೂ ಕೊಳ್ಳಬೇಕು. ದೂರ ಓಡುವವನಿಗೆ ಈ ಖರ್ಚು ಬೇಗ ಬೇಗ ಬರುತ್ತದೆಂಬುದನ್ನು ಕಾರು ಮಾರುವ ಯಾರೂ ಮುಂಚಿತವಾಗಿ ಹೇಳಲಾರರು.

ಇಂಧನದ ಲೆಕ್ಕವನ್ನೂ ಮಾಡಿ ನೋಡಿದೆ. ಆ ಬಿಡದಿಯ ಕಾರುಗಳು ಬಂದಾಗಿನ ಅಧಿಕೃತ ಪರೀಕ್ಷೆಯಂತೆ, ಕೈಗೇರಿನ ಎರಡು ಗಾಲಿಯ ಮಾದರಿ ಲೀಟರಿಗೆ ಸುಮಾರು 21 ಕಿ.ಮೀ., ನಾಲ್ಕು ಗಾಲಿಯದು ಸುಮಾರು 19. ವರ್ಷಕ್ಕೆ 25,000 ಕಿ.ಮೀ. ಓಡುವ ನನ್ನಂಥವನಿಗೆ ನೂರಿಪ್ಪತ್ತೈದು ಲೀಟರು ಹೆಚ್ಚು. ಎಂಟು ವರ್ಷಕ್ಕೆ ಸಾವಿರ ಲೀಟರು! ಊರ ಹೊರಗಿನ ಒಂದೂವರೆ ಕಿಲೋಮೀಟರು ರಾಡಿಗಾಗಿ ಇಷ್ಟೇ?

ಆ ರಾಡಿಯಲ್ಲಾದರೂ ಅದು ಸದಾ ಗೆದ್ದಿತೆ ಎಂದರೆ, ಇಲ್ಲ. ಒಂದು ಸಂಜೆ ಹೊಲದ ದಾರಿಯಲ್ಲಿ ಕಾಕಾನ ಉಳ್ಳಾಗಡ್ಡಿ ಚೀಲ ತರಹೋದೆ. ಎರೆ ಟಯರಿನ ಹಲ್ಲುಗಳ ಸಂದಿಯಲ್ಲೆಲ್ಲ ಮೆತ್ತಿ ಟಯರು ಬೋಳುಗುಂಡಾಯಿತು. ನಾಲ್ಕೂ ಗಾಲಿ ಭರ್ರೆಂದು ನಿಂತಲ್ಲೇ ತಿರುಗಿ ಗಾಡಿ ಅಚ್ಚಿನವರೆಗೆ ಹೂತಿತು. ಹಿಡಿತ ಕೊಡುವುದು ಟಯರು; ಎಂಜಿನ್ನು ಬಲವನ್ನಷ್ಟೇ ಕೊಡುತ್ತದೆ. ಕಾಕಾ ಎತ್ತು ಹೂಡಿಕೊಂಡು ಬಂದರು. “ನಾಕು ಗಾಲಿ ಸಾಲವಲ್ದು, ಮತ್ತ ಎಂಟು ಕಾಲು ಬೇಕಾದುವಲ್ಲೋ ತಮ್ಮಾ!” ಎಂದು ನಕ್ಕದ್ದು ಇಂದಿಗೂ ಓಣಿಯಲ್ಲಿ ಓಡಾಡುತ್ತಿದೆ.

ಗಾಡಿ ಎರಡು ಲಕ್ಷ ಕಿಲೋಮೀಟರು ದಾಟಿದಾಗ ಮಾರುವ ಮಾತು ಬಂತು. ನನ್ನಾಕೆ ಗಣಿತದ ಶಿಕ್ಷಕಿ. ಬರಿಯ ಮಾತಿಗೆ ಒಪ್ಪುವವಳಲ್ಲ. “ಒಂದು ವರ್ಷ ಲೆಕ್ಕ ಇಡೂಣ್ರಿ. ನಾಕರ ಗೇರು ಹಾಕಿದ ದಿನ ಕ್ಯಾಲೆಂಡರಿಗೆ ಗುರುತು ಮಾಡ್ತೀನಿ” ಎಂದಳು. ಅಡುಗೆಮನೆಯ ಗೋಡೆಯ ಮೇಲೆ ವರ್ಷದ ಕೊನೆಗೆ ಹನ್ನೊಂದು ಗುರುತುಗಳಿದ್ದವು. ಹತ್ತು ದಿನ, ನಿಜ ಹೇಳಬೇಕೆಂದರೆ, ಗಾಡಿಯನ್ನು ಡಾಂಬರಿನ ಬದಿಗೆ ನಿಲ್ಲಿಸಿ, ಧೋತರ ಎತ್ತಿ ಕಟ್ಟಿ ಮನೆಗೆ ನಡೆಯಬಹುದಾಗಿತ್ತು.

ಹನ್ನೊಂದನೆಯದು ಆಷಾಢದ ಒಂದು ರಾತ್ರಿ. ಅವ್ವನಿಗೆ ಉಬ್ಬಸ ಏರಿ ತುಟಿ ನೀಲಿಯಾಗಿತ್ತು. ಕರೆದ ಆಂಬುಲೆನ್ಸು ಡಾಂಬರಿನ ಅಂಚಿಗೆ ಬಂದು ನಿಂತು, ಮುಂದೆ ಬರಲಾಗದೆಂದಿತು. ಗರಸು ಹಾಕಿದ್ದ ದಾರಿಯ ನಡುವೆ ಹಿಡಿದು, ನಾಲ್ಕರ ಗೇರಿನಲ್ಲಿ, ಎಲ್ಲಿಯೂ ನಿಲ್ಲಿಸದೆ, ಮೆಲ್ಲಗೆ ಆ ಒಂದೂವರೆ ಕಿಲೋಮೀಟರು ದಾಟಿದೆ. ಹಿಂದಿನ ಸೀಟಿನಲ್ಲಿ ಅವ್ವನ ಉಸಿರಿನ ಸದ್ದು ಎಂಜಿನ್ನಿನ ಸದ್ದಿಗಿಂತ ಜೋರಾಗಿತ್ತು. ಆಂಬುಲೆನ್ಸಿನಲ್ಲಿ ಆಮ್ಲಜನಕ ಸಿಕ್ಕಿತು. ನಾಲ್ಕು ದಿನಕ್ಕೆ ಮನೆಗೆ ಬಂದಳು.

ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ನಾವು ಬಹಳ ಹೊತ್ತು ಕೂತೆವು. ಕೊನೆಗೆ ನಿತ್ಯದ ಓಡಾಟಕ್ಕೆ, ಎರಡೇ ಗಾಲಿ ಎಳೆಯುವ ಒಂದು ಹಳೆಯ ಸಣ್ಣ ಕಾರನ್ನು ಕೊಂಡೆವು. ಅದು ಈಗ ಡಾಂಬರಿನ ಮೇಲೆ ಯಾವ ತಕರಾರೂ ಇಲ್ಲದೆ ಓಡುತ್ತಿದೆ. ಹಳೆಯದನ್ನು ಮಾರಲಿಲ್ಲ. ಎಣ್ಣೆ ಬದಲಿಸಿ, ರಾಡಿಗೆ ತಕ್ಕ ಅಗಲ ಹಲ್ಲಿನ ನಾಲ್ಕು ಟಯರು ಹಾಕಿಸಿ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದೇವೆ. ವಿಮೆಯ ಹಣ ಕಟ್ಟುವಾಗ ಮಾತ್ರ ನನ್ನಾಕೆ ನನ್ನ ಮುಖವನ್ನೊಮ್ಮೆ ನೋಡುತ್ತಾಳೆ.

ನಿಂತ ಗಾಡಿಗೂ ಬೇನೆಯುಂಟು. ಮುಂದಿನ ಅಚ್ಚಿನ ಹಲ್ಲುಗಾಲಿಗಳಿಗೆ ಎಣ್ಣೆ ತಾಗಬೇಕಾದರೆ ತಿಂಗಳಿಗೊಮ್ಮೆಯಾದರೂ ನಾಲ್ಕರ ಗೇರಿನಲ್ಲಿ ಕೆಲವು ಕಿಲೋಮೀಟರು ಓಡಿಸಬೇಕೆಂದು ಅನೇಕ ಗಾಡಿಗಳ ಕೈಪಿಡಿಗಳೇ ಹೇಳುತ್ತವೆ. ಅಮಾವಾಸ್ಯೆಯ ದಿನ ನಮ್ಮ ಕಡೆ ಗಾಡಿಗೆ ಪೂಜೆ. ತೆಂಗಿನಕಾಯಿ ಒಡೆದಾದ ಮೇಲೆ ಹೊಲದ ದಾರಿಗೆ ಇಳಿಸಿ, ಗೇರು ಹಾಕಿ, ಹಳ್ಳದ ತನಕ ಹೋಗಿ ಬರುತ್ತೇನೆ. ಅವ್ವ ಮುಂದಿನ ಸೀಟಿನಲ್ಲಿ ಕೂತು ಯಾರ ಹೊಲದ ಕಡಲೆ ಹೇಗಿದೆಯೆಂದು ನೋಡುತ್ತ ಬರುತ್ತಾಳೆ.