ತಾಯಿಹಸುವಿನ ಆರು ವಾರಗಳು

ಮಹಾಶಿವರಾತ್ರಿಯ ಸಮಯದಲ್ಲಿ ತುಮಕೂರಿನ ಸಮೀಪದ ಸಿದ್ಧಗಂಗಾ ಕ್ಷೇತ್ರದಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಗುಬ್ಬಿ, ಕುಣಿಗಲ್ ಸೀಮೆಗಳ ರೈತರು ತಮ್ಮ ಹಳ್ಳಿಕಾರ್ ಎತ್ತುಗಳನ್ನೂ ಹೋರಿಗಳನ್ನೂ ಸಿಂಗರಿಸಿ ಅಲ್ಲಿಗೆ ತರುತ್ತಾರೆ. ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ; ಕೊಂಬಿನ ಬಾಗು, ಹಿಣಿಲಿನ ಎತ್ತರ, ಮೈಮೇಲಿನ ಸುಳಿ ಎಲ್ಲವನ್ನೂ ಪರೀಕ್ಷಿಸುತ್ತಾನೆ; ನಾಲ್ಕು ಹೆಜ್ಜೆ ನಡೆಸಿ ನಡಿಗೆಯನ್ನು ಗಮನಿಸುತ್ತಾನೆ. ಹಸುವನ್ನು ಕೊಳ್ಳುವವನಾದರೋ ಕೆಚ್ಚಲನ್ನು ಮುಟ್ಟಿ, ಹೊಟ್ಟೆಯಡಿಯ ಹಾಲುನರವನ್ನು ಬೆರಳಿನಿಂದ ತಡವಿ ಬೆಲೆ ಕಟ್ಟುತ್ತಾನೆ. ತಲೆತಲಾಂತರದ ಅನುಭವದಿಂದ ಬಂದ ಈ ಕಣ್ಣಳತೆ ಸಾಮಾನ್ಯವಾದುದಲ್ಲ. ಆದರೂ ಆ ಕಣ್ಣಿಗೆ ಕಾಣದ ಗುಣವೊಂದಿದೆ. ಈ ಹಸು ಕರು ಹಾಕುವಾಗ ಹೇಗಿರುತ್ತದೆ? ಕರು ಹಾಕಿದ ಮೇಲೆ ಆರೋಗ್ಯದಿಂದ ಎದ್ದು ನಿಲ್ಲುತ್ತದೆಯೆ? ಈ ಪ್ರಶ್ನೆಗಳಿಗೆ ಜಾತ್ರೆಯಲ್ಲಿ ಉತ್ತರ ದೊರೆಯದು. ಆದರೆ ಒಂದು ಬಡ ಸಂಸಾರದ ಇಡೀ ವರ್ಷದ ಆದಾಯ ಈ ಉತ್ತರವನ್ನೇ ಅವಲಂಬಿಸಿರುತ್ತದೆ.

ಮನುಷ್ಯನು ಯಾವ ಗುಣವನ್ನು ಬಯಸಿ ಬೀಜದ ಹೋರಿಯನ್ನು ಆರಿಸುತ್ತಾನೆಯೋ ಆ ಗುಣವೇ ಮುಂದಿನ ಪೀಳಿಗೆಗಳಲ್ಲಿ ಬಲಗೊಳ್ಳುತ್ತದೆ. ಇದು ತಳಿಶಾಸ್ತ್ರದ ಮೊದಲ ಪಾಠ. ನಮ್ಮ ನಾಡಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ಹೆಸರಿನಲ್ಲಿ ಬೆಣ್ಣೆ, ಅಮೃತಗಳಿದ್ದರೂ ಆ ಎತ್ತುಗಳು ಖ್ಯಾತಿಗೆ ಬಂದುದು ದಂಡಿನ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆದು ದೂರದ ಹಾದಿಯನ್ನು ವೇಗವಾಗಿ ಸವೆಸುವ ಶಕ್ತಿಯಿಂದ. ಅವುಗಳ ಮೂಲ ಬಂಧುವಾದ ಹಳ್ಳಿಕಾರ್ ತಳಿಯೂ ನೊಗಕ್ಕೆ, ಗಾಡಿಗೆ ಹೇಳಿಸಿದುದೇ. ಹಸುಗಳು ಕರುವಿಗೆ ಸಾಲುವಷ್ಟು, ಮನೆಗೆ ಸ್ವಲ್ಪ ಮಾತ್ರ ಹಾಲು ಕೊಡುತ್ತಿದ್ದುವು. ದೇಹದ ಮೇಲೆ ಹಾಲಿನ ಒತ್ತಡವಿಲ್ಲದುದರಿಂದ ಈತದ ವೇಳೆಯ ತೊಂದರೆಗಳೂ ಅವುಗಳಿಗೆ ಕಡಿಮೆ.

ಕಾಲ ಬದಲಾಯಿತು. 1969ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನಾ ಕೇಂದ್ರವು ಸ್ಥಾಪನೆಯಾಯಿತು. 1974ರ ಬಳಿಕ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆಯಿಂದ ಹಳ್ಳಿಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿಕೊಂಡುವು. ತುಮಕೂರಿನಿಂದ ಗುಬ್ಬಿಗೆ ಹೋಗುವ ದಾರಿಯಲ್ಲಿರುವ ಮಲ್ಲಸಂದ್ರದ ಡೇರಿಗೆ ಹಾಲು ಹರಿದು ಬರತೊಡಗಿತು. ಜೆರ್ಸಿ, ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಗಳ ವೀರ್ಯದಿಂದ ಹುಟ್ಟಿದ ಮಿಶ್ರತಳಿಯ ಹಸುಗಳು ನಾಟಿ ಹಸುವಿಗಿಂತ ಹಲವು ಪಟ್ಟು ಹಾಲು ಕರೆದುವು. ಇದರಿಂದ ಎಷ್ಟೋ ಮನೆಗಳ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು. ಆದರೆ ಹಾಲಿನ ಹೊಳೆಯ ಜೊತೆಗೆ ಹೊಸ ಅಪಾಯವೂ ಕೊಟ್ಟಿಗೆಯನ್ನು ಪ್ರವೇಶಿಸಿತು.

ಹಸುವಿನ ಗರ್ಭಾವಧಿ ಸುಮಾರು 280 ದಿನ. ಈತಕ್ಕೆ ಮುಂಚಿನ ಮೂರು ವಾರ ಮತ್ತು ಅನಂತರದ ಮೂರು ವಾರ, ಹೀಗೆ ಆರು ವಾರಗಳ ಕಾಲ ಅದರ ಬಾಳಿನಲ್ಲಿ ಅತ್ಯಂತ ಸೂಕ್ಷ್ಮವಾದುದು. ಒಳಗೆ ಕರು ಕೊನೆಯ ಹಂತದಲ್ಲಿ ವೇಗವಾಗಿ ಬೆಳೆಯುತ್ತದೆ. ಕೆಚ್ಚಲು ಹಾಲಿಗೆ ಸಿದ್ಧವಾಗುತ್ತದೆ. ಮೇವು ತಿನ್ನುವ ಶಕ್ತಿ ಮಾತ್ರ ಕುಗ್ಗುತ್ತದೆ. ಕರು ಹಾಕಿದೊಡನೆ ಹಾಲು ಏರುತ್ತದೆ. ಹಸಿವು ಅದೇ ವೇಗದಲ್ಲಿ ಏರುವುದಿಲ್ಲ. ಕೊರತೆಯನ್ನು ತುಂಬಲು ದೇಹವು ತನ್ನ ಕೊಬ್ಬನ್ನೇ ಕರಗಿಸುತ್ತದೆ. ಈ ಕರಗುವಿಕೆ ಮಿತಿಮೀರಿದರೆ ಕೀಟೋಸಿಸ್ ಎಂಬ ರೋಗವುಂಟಾಗಿ ಹಸು ಮೇವು ಬಿಟ್ಟು ಸೊರಗುತ್ತದೆ. ಕರು ಅಡ್ಡಗಟ್ಟಿ ಕಷ್ಟದ ಈತವಾಗುವುದು, ಮಾಸು ಬೀಳದಿರುವುದು, ಗರ್ಭಕೋಶದ ಸೋಂಕು, ಕೆಚ್ಚಲುಬಾವು, ಹಾಲುಜ್ವರ ಇವೆಲ್ಲ ಬಹುಮಟ್ಟಿಗೆ ಇದೇ ಅವಧಿಯ ವ್ಯಾಧಿಗಳು. ಒಂದು ಬಂದರೆ ಇನ್ನೊಂದಕ್ಕೆ ದಾರಿಯಾಗುತ್ತದೆ. ಹಸು ಮತ್ತೆ ಗಬ್ಬವಾಗುವುದೂ ತಡವಾಗುತ್ತದೆ.

ನಾನು ಗುಬ್ಬಿಯ ಬಳಿಯ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದಾಗ ನಡೆದ ಸಂಗತಿ ನೆನಪಿಗೆ ಬರುತ್ತದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪರೀಕ್ಷೆಯ ದಿನ ಬರಲಿಲ್ಲ. ಸಂಜೆ ಅವನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಮೂರನೆಯ ಈತದ ಹಸು ನೆಲಕ್ಕೊರಗಿತ್ತು. ಹಿಂದಿನ ದಿನ ಕರು ಹಾಕಿದ್ದ ಅದು ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಂಕಾಗಿ ಮಲಗಿತ್ತು. ಕಿವಿಗಳು ತಣ್ಣಗಿದ್ದುವು. ಹುಡುಗ ಅದರ ತಲೆಯ ಬಳಿ ಕುಳಿತು ಅಳುತ್ತಿದ್ದ. ಪಶುವೈದ್ಯರು ಬಂದು ಕುತ್ತಿಗೆಯ ನರಕ್ಕೆ ಕ್ಯಾಲ್ಸಿಯಂ ದ್ರಾವಣವನ್ನು ನಿಧಾನವಾಗಿ ಏರಿಸಿದರು. ಸ್ವಲ್ಪ ಹೊತ್ತಿನಲ್ಲಿ ಹಸುವಿನ ಮೈ ನಡುಗಿತು, ತೇಗು ಬಂತು, ಕೊನೆಗೆ ತಡವರಿಸುತ್ತಾ ಎದ್ದು ನಿಂತಿತು.

“ಇದಕ್ಕೆ ಹಾಲುಜ್ವರವೆಂದು ಹೆಸರು. ಆದರೆ ಮುಟ್ಟಿ ನೋಡಿ, ಮೈಯಲ್ಲಿ ಜ್ವರವೇ ಇಲ್ಲ, ತಣ್ಣಗಿದೆ” ಎಂದರು ವೈದ್ಯರು. ಗಿಣ್ಣುಹಾಲಿಗೆ ಒಮ್ಮೆಲೆ ಹರಿದುಹೋಗುವ ಸುಣ್ಣದ ಅಂಶವನ್ನು ಮೂಳೆಗಳಿಂದಲೂ ಮೇವಿನಿಂದಲೂ ಬೇಗನೆ ತುಂಬಿಕೊಳ್ಳಲಾರದೆ ರಕ್ತದಲ್ಲಿ ಅದರ ಪ್ರಮಾಣ ಕುಸಿಯುವುದೇ ಈ ರೋಗದ ಕಾರಣವೆಂದು ಅವರು ವಿವರಿಸಿದರು. ಹುಡುಗನ ತಂದೆ ಕರುವನ್ನು ತೋರಿಸಿ ಕೇಳಿದ: “ಸ್ವಾಮಿ, ಇದು ಹೆಣ್ಣುಕರು. ನಾಳೆ ಇದಕ್ಕೂ ಹೀಗೇ ಆಗುತ್ತದೆಯೆ?”

ಆ ರೈತನ ಪ್ರಶ್ನೆ ಬಹಳ ಅರ್ಥವತ್ತಾದುದು. ವಿಜ್ಞಾನವು ಅದಕ್ಕೆ ಕೊಡುವ ಉತ್ತರ ಹೀಗಿದೆ: ಈ ರೋಗಗಳ ಒಲವು ಸ್ವಲ್ಪಮಟ್ಟಿಗೆ ವಂಶದಿಂದ ಬರುತ್ತದೆ. ಜೆರ್ಸಿ ಹಸುಗಳಿಗೆ ಹೋಲ್‌ಸ್ಟೀನ್ ಹಸುಗಳಿಗಿಂತ ಹಾಲುಜ್ವರ ಹೆಚ್ಚಾಗಿ ತಗಲುವುದು ಇದಕ್ಕೊಂದು ನಿದರ್ಶನ. ಆದರೆ ಒಂದೇ ತಳಿಯೊಳಗೆ ಹಸುವಿಗೂ ಹಸುವಿಗೂ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಉಳಿದುದು ಮೇವು, ಆರೈಕೆ, ವಯಸ್ಸು, ಕೊಟ್ಟಿಗೆಯ ಸ್ವಚ್ಛತೆಗಳಿಗೆ ಸೇರಿದುದು. ಆದುದರಿಂದ ಒಂದು ಹಸುವನ್ನು ನೋಡಿ ವಂಶದ ಮಾತು ಹೇಳಲಾಗದು. ಒಂದೇ ಹೋರಿಗೆ ಹುಟ್ಟಿ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ನೂರಾರು ಹೆಣ್ಣುಮಕ್ಕಳ ಈತಗಳನ್ನು ಹೋಲಿಸಿದಾಗ ಮಾತ್ರ ಆ ಹೋರಿಯ ಗುಣದೋಷ ಹೊರಬೀಳುತ್ತದೆ. ಒಂದು ಹೋರಿಯ ವೀರ್ಯದಿಂದ ಸಾವಿರಾರು ಕರುಗಳು ಹುಟ್ಟುವ ಈ ಕಾಲದಲ್ಲಿ ಅದರ ಒಳ್ಳೆಯ ಗುಣವೂ ಸಾವಿರಾರು ಕೊಟ್ಟಿಗೆಗಳನ್ನು ಸೇರುತ್ತದೆ, ಕೆಟ್ಟ ಗುಣವೂ ಸೇರುತ್ತದೆ.

ಈ ಹಾದಿಯನ್ನು ಮೊದಲೇ ಹಿಡಿದ ದೇಶಗಳಲ್ಲಿ ನಾರ್ವೆ ಒಂದು. ಚಿಕಿತ್ಸೆ ಪಡೆದ ಪ್ರತಿಯೊಂದು ಹಸುವಿನ ರೋಗವನ್ನೂ ಅದರ ಆರೋಗ್ಯಪತ್ರದಲ್ಲಿ ಬರೆದಿಡುವ ಪದ್ಧತಿಯನ್ನು ಅಲ್ಲಿ 1975ರಲ್ಲಿ ದೇಶಾದ್ಯಂತ ಜಾರಿಗೆ ತಂದರು. 1978ರಿಂದ ಹೋರಿಗಳ ಆಯ್ಕೆಯಲ್ಲಿ ಹಾಲಿನ ಜೊತೆಗೆ ಕೆಚ್ಚಲುಬಾವನ್ನು ತಡೆಯುವ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿದರು. ಅಲ್ಲಿನ ಕೆಂಪು ಹಸುಗಳ ಹಾಲು ಇದರಿಂದ ಕುಗ್ಗಲಿಲ್ಲ. ಆರೋಗ್ಯ ಮಾತ್ರ ಸುಧಾರಿಸಿತು. ಅಮೆರಿಕವು 2018ರಲ್ಲಿ ಹೋಲ್‌ಸ್ಟೀನ್ ಹೋರಿಗಳ ಮೌಲ್ಯಮಾಪನಕ್ಕೆ ಹಾಲುಜ್ವರ, ಕೀಟೋಸಿಸ್, ಮಾಸು ಬೀಳದಿರುವಿಕೆ ಮೊದಲಾದುವನ್ನು ಸೇರಿಸಿತು. ವಂಶದ ಪಾಲು ಅಲ್ಪವಾದರೂ ಪೀಳಿಗೆಯಿಂದ ಪೀಳಿಗೆಗೆ ತಾಳ್ಮೆಯಿಂದ ಆರಿಸುತ್ತಾ ಹೋದರೆ ಹನಿಗೂಡಿ ಹಳ್ಳವಾಗುವುದೆಂಬುದನ್ನು ಇವು ತೋರಿಸುತ್ತವೆ.

ನಮ್ಮಲ್ಲಿ ಇದಕ್ಕಿರುವ ತೊಡಕೇನು? ಕುಣಿಗಲ್ಲು ಬಹುಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ಓಟದ ಕುದುರೆಗಳಿಗೆ ವಂಶಾವಳಿಯ ಪುಸ್ತಕವುಂಟು. ತಂದೆ ಯಾರು, ತಾಯಿ ಯಾರು, ಅಜ್ಜ ಯಾರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಆದರೆ ಅದೇ ಊರಿನ ಸುತ್ತಣ ಹಳ್ಳಿಗಳಲ್ಲಿ ಮನೆಮಂದಿಗೆ ಅನ್ನ ಕೊಡುವ ಹಸುವಿನ ತಂದೆ ಯಾವುದೆಂದು ಎಷ್ಟೋ ವೇಳೆ ಯಜಮಾನನಿಗೂ ತಿಳಿದಿರುವುದಿಲ್ಲ. ನಮ್ಮ ರೈತನ ಕೊಟ್ಟಿಗೆಯಲ್ಲಿ ಇರುವುದು ಒಂದೆರಡು ಹಸು. ನೂರಾರು ಮನೆಗಳ ಲೆಕ್ಕ ಒಂದೆಡೆ ಸೇರಿದಲ್ಲದೆ ಹೋರಿಯ ಪರೀಕ್ಷೆ ಪೂರ್ಣವಾಗದು. ಈಗ ದನಗಳ ಕಿವಿಗೆ ಹನ್ನೆರಡು ಅಂಕಿಗಳ ಹಳದಿ ಬಿಲ್ಲೆಯನ್ನು ತೊಡಿಸುತ್ತಾರೆ. ವೀರ್ಯದ ನಳಿಕೆಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಈ ಎರಡು ಸಂಖ್ಯೆಗಳ ಮುಂದೆ ಈತದ ನಿಜಸ್ಥಿತಿಯನ್ನು ಬರೆದರೆ ನಮಗೂ ವಂಶಾವಳಿಯ ಪುಸ್ತಕ ಸಿದ್ಧವಾಗುತ್ತದೆ.

ಹೋರಿಯನ್ನು ಹಸುವಿಗೆ ತಕ್ಕಂತೆ ಹೊಂದಿಸುವುದೂ ಮುಖ್ಯ. ಸಣ್ಣ ಮೈಕಟ್ಟಿನ ಮಣಕಕ್ಕೆ ಮೊದಲ ಈತದಲ್ಲಿಯೇ ದೊಡ್ಡ ಕರು ಹುಟ್ಟಿಸುವ ವಂಶದ ಹೋರಿಯನ್ನು ಆರಿಸಿದರೆ ಕಷ್ಟದ ಈತವನ್ನು ನಾವೇ ಆಹ್ವಾನಿಸಿದಂತಾಗುತ್ತದೆ. ಹಾಗೆಯೇ ಹಳ್ಳಿಕಾರ್ ಹಸುವಿಗೆ ವಿದೇಶಿ ಹೋರಿಯಿಂದ ಹುಟ್ಟಿದ ಕರುವಿನಲ್ಲಿ ವಿದೇಶಿ ರಕ್ತ ಅರ್ಧ; ಅದಕ್ಕೆ ಮತ್ತೆ ವಿದೇಶಿ ಹೋರಿಯಾದರೆ ಮುಕ್ಕಾಲು; ಮತ್ತೊಮ್ಮೆ ಆದರೆ ಎಂಟರಲ್ಲಿ ಏಳು ಪಾಲು. ಹೀಗೆ ಏರಿಸುತ್ತಾ ಹೋದಂತೆ ಬಿಸಿಲನ್ನೂ ಉಣ್ಣೆಗಳನ್ನೂ ತಾಳುವ ನಾಟಿ ಗುಣ ಕರಗುತ್ತದೆ. ಹಾಲಿನ ಆಸೆಗೆ ಮಿತಿಯೆಂಬುದು ಬೇಕು.

ಒಳ್ಳೆಯ ವಂಶವಿದ್ದ ಮಾತ್ರಕ್ಕೆ ಆರೈಕೆ ಬೇಡವೆಂದಲ್ಲ. ಈತಕ್ಕೆ ಸುಮಾರು ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ ಹಸುವಿಗೆ ವಿಶ್ರಾಂತಿ ಕೊಡಬೇಕು. ಹಸು ಅತಿಯಾಗಿ ಕೊಬ್ಬಲೂಬಾರದು, ಬಡವಾಗಲೂಬಾರದು. ಬಿದ್ದಿರದ ಮಾಸನ್ನು ಕೈಯಿಂದ ಎಳೆಯಬಾರದು, ಅದಕ್ಕೆ ಭಾರ ಕಟ್ಟಬಾರದು, ವೈದ್ಯರನ್ನು ಕರೆಯಬೇಕು. ಕರುವಿಗೆ ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲು ಕುಡಿಸಬೇಕು. ಬೀಜ ಒಳ್ಳೆಯದಾದರೂ ಹೊಲ ಹದವಾಗಿರಬೇಕಷ್ಟೆ.

ಆ ಹುಡುಗ ಮರುವಾರ ಶಾಲೆಗೆ ಬಂದ. ಅವನ ಚೀಲದಲ್ಲಿ ಒಂದು ಹೊಸ ನೋಟುಬುಕ್ಕಿತ್ತು. ಮೊದಲ ಪುಟದಲ್ಲಿ ತನ್ನ ಮನೆಯ ಹಸುವಿನ ಹೆಸರು, ಹೋರಿಯ ಸಂಖ್ಯೆ, ಕರು ಹಾಕಿದ ದಿನ, ಮಾಸು ಬೀಳಲು ಹಿಡಿದ ಗಂಟೆಗಳು, ಬಂದ ರೋಗ, ಕೊಟ್ಟ ಔಷಧ ಇಷ್ಟನ್ನೂ ಗೆರೆ ಎಳೆದು ಬರೆದಿದ್ದ. “ಪಕ್ಕದ ಮನೆಯವರದನ್ನೂ ಬರೆಯುತ್ತೇನೆ, ಮೇಷ್ಟ್ರೇ” ಎಂದ. ಅವನ ತಂದೆಯ ಪ್ರಶ್ನೆಗೆ ಅಂದು ನಮ್ಮಾರ ಬಳಿಯೂ ಪೂರ್ಣ ಉತ್ತರವಿರಲಿಲ್ಲ. ಅದು ದೊರೆಯುವುದು ಇಂತಹ ಪುಟಗಳು ಸಾವಿರವಾದಾಗ. ವಿದ್ಯಾರ್ಥಿಗಳೇ, ಮಾತು ಬಾರದ ಆ ತಾಯಿ ತನ್ನ ನೋವನ್ನು ತಾನೇ ಹೇಳಿಕೊಳ್ಳಲಾರಳು. ಅಕ್ಷರ ಕಲಿತ ನೀವು ಅವಳ ಪರವಾಗಿ ಅದನ್ನು ಬರೆದಿಡಬಲ್ಲಿರಿ.